ಹತ್ತೇ ಪ್ರತಿ

ಮಾವ,

ನಿಮ್ಮ ಪುಸ್ತಕ ಯಾಕೆ ಹೊರಬರಲಿಲ್ಲ ಎಂಬ ಕಥೆಯನ್ನು ಮೊದಲು ಹೇಳಿದವರು ಬೈಂಡರ್ ತಾತ. ನಿನ್ನೆ ಸಂಜೆ ನಾವೆಲ್ಲ ನಿಮ್ಮ ಕೋಣೆಯಲ್ಲಿ ಸೇರಿದ್ದೆವು. ನೀವು ತೀರಿಕೊಂಡಾಗ ಬಿಟ್ಟುಹೋದ ಬೆಂಕಿಪೊಟ್ಟಣದ ಚಿತ್ರಗಳನ್ನು ರದ್ದಿಗೆ ಹಾಕುವುದೋ ಬೇಡವೋ ಎಂಬ ಮಾತು ನಡೆದಿತ್ತು.

"ಯಜಮಾನ್ರು ಪುಸ್ತಕಕ್ಕೆ ಅಸಲಿ ಚಿತ್ರಾನೇ ಅಂಟಿಸ್ಬೇಕು, ಹತ್ತೇ ಪ್ರತಿ ಅಂದ್ರು," ಎಂದರು ತಾತ. "ಆಮೇಲೆ, ತಂಗಿ ಮುನಿಸ್ಕೋತಾಳೆ, ಹನ್ನೊಂದು ಮಾಡಿ ಅಂದ್ರು. ಆಮೇಲೆ ಷಡ್ಡಕ, ಆಮೇಲೆ ಕ್ಷೌರದಂಗಡಿಯವನು. ಪ್ರತಿ ಸಲ ಅವವೇ ಚಿತ್ರ ಮತ್ತೆ ಹುಡುಕ್ಕೊಂಡು ಅಲೆಯೋರು. ಯಜಮಾನ್ರೇ, ಇದು ಪುಸ್ತಕಾನೋ ಊರೂಟಾನೋ ಅಂತ ಕೇಳೇಬಿಟ್ಟೆ. ಯಾರನ್ನ ಬಿಡ್ಲಿ, ನೀವೇ ಹೇಳಿ ಅಂದ್ರು."

ಎಲ್ಲರೂ ನಕ್ಕೆವು. ನಿಮ್ಮನ್ನು ಸದಾ ಸೋಮಾರಿ ಎಂದು ಹಂಗಿಸುತ್ತಿದ್ದ ನಿಮ್ಮ ತಂಗಿ, ನನ್ನ ಅಮ್ಮ, ಮಾತ್ರ ಎದ್ದು ಒಳಗೆ ಹೋದಳು.

ಇವತ್ತು ಬೆಳಗಾಗುತ್ತಲೇ ನಿನ್ನೆ ತಾತನ ಮಾತು ಕೇಳಿದವರೆಲ್ಲ ಒಬ್ಬೊಬ್ಬರಾಗಿ ಬಂದು, "ನನಗೇ ಅಂತ ಒಂದು ಪ್ರತಿ ಬೇಡ" ಎಂದರು. ಒಂದೇ ಪುಸ್ತಕ ಮಾಡಿ ಮನೆಯಿಂದ ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು. ತಾತ ಸೂಜಿಗೆ ದಾರ ಪೋಣಿಸಿದರು, ಅಮ್ಮ ಅಂಟು ಕಾಯಿಸಿದಳು. ಈಗ ಪುಸ್ತಕ ಮೊದಲು ಯಾರ ಮನೆಗೆ ಹೋಗಬೇಕೆಂದು ಜಗಳ ನಡೆಯುತ್ತಿದೆ, ಮಾವ.