ಎಸ್ತೇರಿ ಅಜ್ಜಿ ಕೊಟ್ಟ ಕೋಳಿ

ರೀ,

ಮಿಷನ್ ಆಸ್ಪತ್ರೆಯಿಂದ ಕರೆ ಬಂತು, ಹೆರಿಗೆ ಮಾಡಿಸೋಕೆ ಹೊರಟೆ. ಚಿತ್ರಾನ್ನ ಮುಚ್ಚಿಟ್ಟಿದೀನಿ, ತಿನ್ರಿ.

ನೀವು ಊರಿನ ಬೋರು ರಿಪೇರಿ ಮಾಡಿದ್ದಕ್ಕೆ ಎಸ್ತೇರಿ ಅಜ್ಜಿ ಕೋಳಿ ಕೊಟ್ಟು ತಿಂಗಳಾಯ್ತು. ಈ ಮಲಾವಿಯಲ್ಲಿ ಕೊಟ್ಟ ಕೋಳೀನ ತಿನ್ನದಿದ್ರೆ ಕೊಟ್ಟವರಿಗೆ ಬೇಜಾರಾಗುತ್ತೆ ಅಂತ ಎಷ್ಟು ಸಲ ಹೇಳಿದೆ! ನೀವು ನೋಡಿದ್ರೆ, ಹೊಸದುರ್ಗದಲ್ಲಿ ನಿಮ್ಮವ್ವ ಹಸುಗೆ ಹೆಸರಿಟ್ಟಂಗೆ ಅದಕ್ಕೆ ಕೆಂಚಿ ಅಂತ ಹೆಸರಿಟ್ಟು, ದಿನಾ ಕನ್ನಡದಲ್ಲಿ ಮಾತಾಡಿಸ್ಕಂಡು ಕುಂತಿದೀರಿ. ನಿನ್ನೆ ಬೋರಿನ ಹತ್ರ ಅಜ್ಜಿ, "ನನ್ನ ಕೋಳಿ ನಿಮಗೆ ಹಿಡಿಸ್ಲಿಲ್ವೇನಮ್ಮ?" ಅಂದ್ಲು. ನನಗೆ ತಲೆ ಎತ್ತೋಕೆ ಆಗಲಿಲ್ಲ.

ಅದಕ್ಕೇ ಸಾಯಂಕಾಲ ಊಟಕ್ಕೆ ಕರೆದಿದೀನಿ. ರಾಗಿಹಿಟ್ಟು ಡಬ್ಬಿಯಲ್ಲೈತೆ, ಮುದ್ದೆ ಕಟ್ರಿ. ಖಾರ ರುಬ್ಬಿಟ್ಟಿದೀನಿ. ಕೋಳಿ ಕೊಯ್ದು ಸಾರು ಮಾಡೋದು ನಿಮ್ಮ ಕೆಲಸ. ಅಳಬ್ಯಾಡ್ರಿ.

ಇಷ್ಟು ಬರೆಯೋದ್ರಲ್ಲಿ ಕೆಂಚಿ ಬಂದು ನನ್ನ ಪಾದದ ಮೇಲೆ ಕುಂತವಳೆ. ಏಳು ಅಂದ್ರೂ ಏಳ್ತಿಲ್ಲ.

ಸೌದೆ ಹಿಂದೆ ಅವಳಿಟ್ಟ ಮೊಟ್ಟೆ ಅವೆ. ಅದರದ್ದೇ ಸಾರು ಮಾಡಿ, "ನಿಮ್ಮ ಕೋಳಿ ಕೊಟ್ಟಿದ್ದು" ಅಂತ ಅಜ್ಜಿಗೆ ಬಡಿಸ್ರಿ. ಕೋಳಿ ಯಾಕೆ ಕೊಯ್ಲಿಲ್ಲ ಅಂತ ಕೇಳಿದ್ರೆ ಚಾಕು ಸಿಗಲಿಲ್ಲ ಅನ್ರಿ. ಸುಳ್ಳೇನಲ್ಲ, ಅದನ್ನ ನನ್ನ ಬ್ಯಾಗಿಗೆ ಹಾಕ್ಕಂಡು ಹೋಗ್ತಿದೀನಿ.

ಸುಗುಣ