ಒಳಜೇಬು

ನನ್ನ ತಮ್ಮನ ಮಗನಿಗೆ, ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಅಂಗಿ ಹೊಲಿದು ಕಳಿಸಿದ್ದೇನೆ. ಎಡಗಡೆ ಒಳಗೆ ಎರಡು ಬೆರಳಗಲದ ಜೇಬಿದೆ. ಎದೆ ಹಿಡಿದುಕೊಂಡಾಗ ನಾಲಿಗೆಯಡಿ ಇಡುವ ಮಾತ್ರೆಗೆ ಅದು. ಮೊದಲೆಲ್ಲ ವರ್ಷಕ್ಕೊಬ್ಬರು ಇಂಥ ಜೇಬು ಕೇಳುತ್ತಿದ್ದರು. ಈಗ ಹತ್ತು ಅಂಗಿ ಹೊಲಿದರೆ ನಾಲ್ಕಕ್ಕೆ ಇಡಬೇಕು. ಬಸ್ಸಿನ ಡ್ರೈವರು, ಶಾಲೆಯ ಮೇಷ್ಟ್ರು, ಕೊನೆಗೆ ಔಷಧಿ ಅಂಗಡಿಯವನೂ ಬಂದ. ಮೇಷ್ಟ್ರು ಆಪರೇಷನ್ನಿಗೆಂದು ಮನೆ ಮಾರಿದರು. "ಜೇಬಾದ್ರೂ ಗಟ್ಟಿಯಾಗಿ ಹೊಲಿಯಪ್ಪ, ಇನ್ಮೇಲೆ ಇದೇ ನನ್ನ ಮನೆ" ಅಂದರು. ಇಬ್ಬರೂ ನಕ್ಕೆವು.

ನಿಮ್ಮಪ್ಪನಿಗೂ ನಾನೇ ಹೊಲಿದಿದ್ದೆ. ಅವನು ಹೋದ ದಿನ ಆಸ್ಪತ್ರೆಯವರು ಅಂಗಿಯನ್ನು ನನ್ನ ಕೈಗೆ ಕೊಟ್ಟರು. ಒಳಜೇಬಿನಲ್ಲಿ ಮಾತ್ರೆ ಇರಲಿಲ್ಲ. ಡಾಕ್ಟರ ಚೀಟಿ ಮಡಿಸಿದ ಹಾಗೇ ಇತ್ತು. "ಮಗನ ಫೀಸು ಕಟ್ಟಿ ಆಮೇಲೆ ತಗೋತೀನಿ ಬಿಡಣ್ಣ" ಅಂದಿದ್ದ. ಇಷ್ಟು ವರ್ಷ ಇದನ್ನು ನಿನಗೆ ಹೇಳಿರಲಿಲ್ಲ.

ಈಗ ಮೂವತ್ತಾರಕ್ಕೇ ನಿನಗೂ ಚೀಟಿ ಬರೆದಿದ್ದಾರೆ. "ಮುಂದಿನ ತಿಂಗಳು ನೋಡೋಣ ದೊಡ್ಡಪ್ಪ" ಅನ್ನುತ್ತೀಯ. ನಮ್ಮಲ್ಲಿ ಅಪ್ಪನಿಂದ ಮಗನಿಗೆ ಬಂದ ಆಸ್ತಿ ಇದೊಂದೇ.

ಮಾತ್ರೆ ತಂದು ಜೇಬಿಗೆ ಹಾಕಿದ ಮೇಲೆ ಒಂದು ಸಾಲು ಬರೆ. ತರುವುದಿಲ್ಲವಾದರೆ ಅಂಗಿಯನ್ನು ಈಗಲೇ ನೀನೇ ವಾಪಸ್ಸು ಕಳಿಸು. ಆಸ್ಪತ್ರೆಯವರ ಕೈಯಿಂದ ಇನ್ನೊಮ್ಮೆ ಇಸಿದುಕೊಳ್ಳುವುದು ನನ್ನಿಂದಾಗದು.

ಇಂತಿ,
ನಿನ್ನ ದರ್ಜಿ ದೊಡ್ಡಪ್ಪ