ಸರಳಿನಲ್ಲಿ ಬಗ್ಗಿಸಿದ ಅಕ್ಷರಗಳು

ಮಾರ್ಚ್ ೪, ಬುಧವಾರ

ನಾದಿನಿಗೆ ಆಶೀರ್ವಾದಗಳು.

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾರೆ. ವೆಲ್ಡಿಂಗ್ ರಾಡು ಹಿಡಿದ ಕೈ ಇದು, ಪೆನ್ನು ನಿಲ್ಲುವುದಿಲ್ಲ. ಫೋನು ಮಾಡೋಣವೆಂದರೆ ನಿನ್ನ ಕಿವಿ ನಿನಗೇ ಶತ್ರು. ಅಲ್ಲದೆ ನನಗೆ ಬೇಕಾಗಿರುವುದು ಮಾತಲ್ಲ, ಚಿತ್ರ. ಅದು ಕಾಗದದಲ್ಲೇ ಬರಬೇಕು. ನೀನು ಹಾಕಿದ ಎರಡು ಪತ್ರಕ್ಕೂ ನಾನು ಉತ್ತರ ಬರೆಯಲಿಲ್ಲ. ಈ ಮನೆಯಲ್ಲಿ ಪತ್ರ ಬರೆಯುತ್ತಿದ್ದವಳು ನಿನ್ನ ಅಕ್ಕ. ಅವಳೇ ಕಾಯಿಲೆ ಬಿದ್ದ ಮೇಲೆ ಬರೆಯುವವರು ಯಾರು? ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ತಪ್ಪು ಎಣಿಸುತ್ತಾ ಕೂರಬೇಡ, ಓದು.

ಲಕ್ವ ಹೊಡೆದ ಮೇಲೆ ಅವಳ ಬಲಗಾಲು ಎಳೆಯುತ್ತದೆ. ಆದರೂ ಗೋಡೆ ಹಿಡಿದು ಓಡಾಡುತ್ತಾಳೆ. ಮಾತು ಒಂದೊಂದಾಗಿ, ತಡವರಿಸಿಕೊಂಡು ಬರುತ್ತದೆ. ಎಲ್ಲರ ಗುರುತೂ ಇದೆ. ಪೂರಾ ಹೋಗಿರುವುದು ಓದು. ಅಕ್ಷರವೆಲ್ಲ ಇರುವೆ ಸಾಲಿನ ಹಾಗೆ ಕಾಣುತ್ತದಂತೆ. ಹಾಗಿದ್ದೂ ಬೆಳಿಗ್ಗೆ ಪೇಪರ್ ಬಂದ ಕೂಡಲೇ ಎತ್ತಿಕೊಳ್ಳುತ್ತಾಳೆ, ಓದುವವಳ ಹಾಗೆಯೇ ಪುಟ ತಿರುವುತ್ತಾಳೆ. ನಾನು “ಏನಂತೆ ಸುದ್ದಿ?” ಅಂದರೆ ಮಡಚಿ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಾಳೆ.

ಆಸ್ಪತ್ರೆಯಿಂದ ಒಬ್ಬ ಹುಡುಗಿ ಬರುತ್ತಾಳೆ, ಇಂಥವರಿಗೆ ಮಾತು, ಓದು ಕಲಿಸುವವಳು. ನಾನು ಟೀಚರಮ್ಮ ಅನ್ನುತ್ತೇನೆ. “ಒಂದೊಂದು ಅಕ್ಷರಕ್ಕೂ ಒಂದೊಂದು ಚಿತ್ರ ಕಟ್ಟಿಕೊಡಿ ತಾತ. ಚಿತ್ರ ಮನಸಲ್ಲಿ ನಿಂತ್ರೆ ಅದರ ಬೆನ್ನು ಹಿಡ್ಕೊಂಡು ಅಕ್ಷರ ಬರುತ್ತೆ. ತಡ ಮಾಡಿದ್ರೆ ಆಮೇಲೆ ಕಷ್ಟ” ಅಂದಳು.

ಅದೇನು ಮಹಾ ಎಂದುಕೊಂಡು ವರ್ಕ್‌ಶಾಪಿಗೆ ಹೋದೆ. ಸಣ್ಣ ಸರಳು ಕಾಯಿಸಿ, ಬಗ್ಗಿಸಿ, ಅಕ್ಷರ ಮಾಡಿದೆ. ಅವಳ ಬೆರಳಿಗೆ ಚುಚ್ಚದಂತೆ ಅಂಚೆಲ್ಲ ಉಜ್ಜಿ ಬಣ್ಣ ಹೊಡೆದೆ. ಬೆರಳು ಹಿಡಿದು ಅದರ ಮೇಲೆ ಓಡಿಸಿದೆ. ಗ ಅಂದರೆ ಕಮಾನು ಗೇಟು. ಎ ಅಂದರೆ ಸರಪಳಿಯ ಕೊಕ್ಕೆ. ರ ಅಂದರೆ ಗುಂಡು ಬೀಗ. ಸಂಜೆ ಒಪ್ಪಿಸುತ್ತಿದ್ದಳು. ಬೆಳಿಗ್ಗೆ ಕೇಳಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನನ್ನ ಸಿಟ್ಟು ನಿನಗೆ ಗೊತ್ತಲ್ಲ. ಹೋದ ವಾರ ಟೀಚರಮ್ಮನ ಎದುರೇ ಕೂಗಿಬಿಟ್ಟೆ. “ಕಮಾನು ಕಣೇ, ಕಮಾನು! ಇಷ್ಟು ವರ್ಷ ಇದರಿಂದಲೇ ಅನ್ನ ತಿಂದಿಲ್ವಾ?”

ಅವಳು ಬಹಳ ಹೊತ್ತು ಬಾಯೊಳಗೇ ಪದ ಹುಡುಕಿದಳು. “ನಾನು... ವರ್ಕ್‌ಶಾಪು... ನೋಡೇ ಇಲ್ಲ” ಅಂದಳು.

ನಿಜ. ಮದುವೆಯಾದ ಹೊಸದರಲ್ಲಿ ಬರುತ್ತೇನೆ ಅಂದಿದ್ದಳು. ಅಲ್ಲಿ ಕಿಡಿ ಹಾರುತ್ತೆ, ನಿನಗೇನು ಕೆಲಸ ಅಂದಿದ್ದೆ. ಮತ್ತೆ ಅವಳು ಕೇಳಲಿಲ್ಲ. ಮನೆಯಿಂದ ಮೂರು ಬೀದಿ ಆಚೆ ಇದೆ, ಅಷ್ಟೆ.

ಟೀಚರಮ್ಮ ನಕ್ಕಳು. “ತಾತ, ಇದು ನಿಮ್ಮ ಅಕ್ಷರಮಾಲೆ. ಅಜ್ಜಿದು ಎಲ್ಲಿ? ಅವರಿಗೆ ಏನೇನು ಇಷ್ಟ ಹೇಳಿ, ಬರ್ಕೊತೀನಿ.”

“ಅಡುಗೆಮನೆ” ಅಂದೆ. ಸೌಟು, ಬಾಣಲೆ, ಒಲೆ ಎಲ್ಲ ಬಿಡಿಸಿಟ್ಟೆವು. ನಿನ್ನ ಅಕ್ಕ ಎಡಗೈಯಲ್ಲಿ ಕಾಗದ ಆಚೆ ತಳ್ಳಿ, “ಸಾಕಪ್ಪಾ ಸಾಕು!” ಅಂದಳು. ಕಾಯಿಲೆ ಬಿದ್ದ ಮೇಲೆ ತಡವರಿಸದೆ ಆಡಿದ ಮೊದಲ ಮಾತು ಅದು. ಆ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ನನಗೂ ನಗು ಬಂತು. ಆಮೇಲೆ ಅವಳು “ಬೇರೆ ಏನಿಷ್ಟ ತಾತ?” ಅಂತ ಪೆನ್ನು ಹಿಡಿದು ಕಾದಳು. ಕಾಯುತ್ತಲೇ ಇದ್ದಳು.

ನಿನ್ನ ನೆನಪಾದದ್ದು ಆಗ. ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು ನೀವು. ಅವಳನ್ನೇ ಕೇಳಿದರೆ ಪದ ಸಿಗದೆ ಕಣ್ಣೀರು ಹಾಕುತ್ತಾಳೆ. ನಮ್ಮ ಮದುವೆಯ ದಿನ ನೀನು, “ಭಾವ, ನಮ್ಮಕ್ಕ ಒಂದ್ಸಲ ಗೋಡೆ ಹತ್ತಿ ಕೂತ್ರೆ ಯಾರು ಕರೆದ್ರೂ ಇಳಿಯೋಳಲ್ಲ, ಹುಷಾರು” ಅಂದಿದ್ದೆ. ಯಾವ ಗೋಡೆ ಅದು? ಅಲ್ಲಿ ಕೂತರೆ ಏನು ಕಾಣುತ್ತಿತ್ತು? ನಾಯಿ, ಬೆಕ್ಕು ಏನಾದರೂ ಸಾಕಿದ್ದಿರಾ? ಏನಾಟ ಆಡುತ್ತಿದ್ದಳು? ಏನು ಕಂಡರೆ ಬಿದ್ದು ಬಿದ್ದು ನಗುತ್ತಿದ್ದಳು? ಇಷ್ಟು ವರ್ಷದಲ್ಲಿ ಕೇಳಬಹುದಿತ್ತು, ಕೇಳಲಿಲ್ಲ. ಹೊಳೆದದ್ದೆಲ್ಲ ಬಿಡಿಸಿ ಕಳಿಸು, ಸೊಟ್ಟಗಿದ್ದರೂ ಸರಿ. ಯಾವುದು ಯಾವ ಅಕ್ಷರಕ್ಕೆ ಹೊಂದುತ್ತದೆ ಅಂತ ಟೀಚರಮ್ಮ ನೋಡುತ್ತಾಳೆ. ಅವಳು ಬರುವುದು ಇನ್ನು ಈ ತಿಂಗಳು ಮಾತ್ರ. ಬಗ್ಗಿಸುವ ಕೆಲಸ ನನ್ನದು.

ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ. ಮಂಡಿಗೆ ಎಣ್ಣೆ ತಿಕ್ಕಿಕೋ, ಸುಮ್ಮನೆ ನರಳಬೇಡ.

ಇತಿ,
ನಿನ್ನ ಭಾವ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಒಂದು ಅಕ್ಷರ ಮಾತ್ರ ನಿನ್ನ ಅಕ್ಕನಿಗೆ ಮರೆತಿಲ್ಲ. ನಿನ್ನೆ ಟೀಚರಮ್ಮ ಠ ತೋರಿಸಿ, “ಇದಕ್ಕೆ ನೀವೇ ಒಂದು ಚಿತ್ರ ಹೇಳಿ ಅಜ್ಜಿ” ಅಂದಳು. ದುಂಡಗೆ ಗೆರೆ, ನಡುವೆ ಚುಕ್ಕೆ. ಅವಳು ಎದ್ದು ಕಾಲೆಳೆದುಕೊಂಡು ಹೋಗಿ ಮುಂಬಾಗಿಲಿನ ಇಣುಕುಕಿಂಡಿಯ ಮೇಲೆ ಬೆರಳಿಟ್ಟಳು. ಕಳ್ಳಕಾಕರ ಭಯಕ್ಕೆ ನಾನೇ ಕೊರೆದು ಗಾಜು ಕೂರಿಸಿದ್ದು.

“ಒಳಗಿನ ಚುಕ್ಕೆ ಯಾವುದು ಅಜ್ಜಿ?”

ನನ್ನ ಕಡೆ ಕೈ ತೋರಿಸಿದಳು. “ಸಂಜೆ... ಮುಖ ನೋಡಿ... ಆಮೇಲೆ... ಬಾಗಿಲು” ಅಂದಳು. ದೂರುವ ದನಿಯಲ್ಲ. ಪಾಠ ಒಪ್ಪಿಸುವ ದನಿ.

ದಿನಾ ಹೊರಗೆ ನಿಂತು “ಬಾಗಿಲು ತೆಗೆಯೋಕೆ ಇಷ್ಟು ಹೊತ್ತಾ?” ಅಂತ ಬೈಯುತ್ತಿದ್ದೆ. ಇವತ್ತು ಎಂಥ ಮುಖ ಬಂದಿದೆ, ಏನು ಹೇಳಬಹುದು, ಏನು ನುಂಗಿಕೊಳ್ಳಬೇಕು ಅಂತ ಅವಳು ಒಳಗೆ ನಿಂತು ನೋಡಿಕೊಳ್ಳುತ್ತಿದ್ದಳು. ಟೀಚರಮ್ಮ ಭೇಷ್ ಅಂದಳು. ಇವತ್ತು ಬೆಳಿಗ್ಗೆ ಮತ್ತೆ ಠ ತೋರಿಸಿದೆ. ಥಟ್ಟನೆ ಹೇಳಿದಳು.

ಅವಳು ನನ್ನ ಮನೆಗೆ ಬರುವುದಕ್ಕೆ ಮುಂಚಿನವು ಬೇಕು. ನಾನು ಎಲ್ಲೂ ಇರದ ಚಿತ್ರಗಳು. ಇಪ್ಪತ್ತನೇ ತಾರೀಖಿನೊಳಗೆ ಉತ್ತರ ಬರಬೇಕು.